ನಿಂತಾಗ ನಡುಗುವ ಕಾರು

ಮಧ್ಯಾಹ್ನದ ಊಟ ಮುಗಿದು ಬೀದಿಯೆಲ್ಲ ಮಂಪರಿಗೆ ಜಾರುವ ಹೊತ್ತಿಗೆ ಗೋಡೆಯಾಚೆ ಆ ನೀಲಿ ಕಾರು ಸ್ಟಾರ್ಟ್ ಆಗುತ್ತಿತ್ತು. ಆದ ಕೂಡಲೇ ನನ್ನ ಹೊಲಿಗೆ ಮೇಜಿನ ಮೇಲಿನ ತಟ್ಟೆಯಲ್ಲಿ ಗುಂಡುಪಿನ್ನುಗಳು ಕುಣಿಯಲು ಶುರುಮಾಡುತ್ತಿದ್ದವು. ಒಂದನ್ನೊಂದು ತಳ್ಳಿಕೊಂಡು, ಸುತ್ತು ಹೊಡೆದು, ಎಲ್ಲವೂ ತಟ್ಟೆಯ ಒಂದೇ ಅಂಚಿಗೆ ಹೋಗಿ ಗುಂಪು ಕಟ್ಟಿ ನಿಲ್ಲುತ್ತಿದ್ದವು. ಮೆಷಿನ್ನಿನ ಪೆಡಲ್ಲಿಗೂ ಆ ನಡುಕ ಹತ್ತಿ, ಹಿಮ್ಮಡಿಯಿಂದ ಮೊಣಕಾಲಿಗೆ ಏರಿ, ಕಣ್ಣಿನ ರೆಪ್ಪೆ ಭಾರ ಮಾಡುತ್ತಿತ್ತು. ಕೈಯೊಳಗೆ ಬಟ್ಟೆ ತಾನಾಗೇ ಸರಿಯುವುದು, ಸೂಜಿ ತಾನಾಗೇ ಇಳಿದು ಏಳುವುದು, ನಾನು ಎಲ್ಲೋ ದೂರದಲ್ಲಿ ಕೂತು ಇದನ್ನೆಲ್ಲ ನೋಡುತ್ತಿರುವುದು. ಆ ಮಂಪರಿನಲ್ಲಿ ಒಂದು ಅಂಗಿಗೆ ಎರಡೂ ಬಲತೋಳು ಹೊಲಿದುಬಿಟ್ಟಿದ್ದೆ. ಬಿಚ್ಚುತ್ತಾ ಕೂತು ಆ ಕಾರಿಗೂ, ಅದರ ಇಂಜಿನ್ನಿಗೂ, ಇಂಜಿನ್ನು ಎನ್ನುವುದನ್ನು ಕಂಡುಹಿಡಿದ ಪುಣ್ಯಾತ್ಮನಿಗೂ ಸೇರಿಸಿ ಬೈದೆ.

ಬೈಯುವುದರಲ್ಲಿ ನನ್ನನ್ನು ಮೀರಿಸುವವರು ಇಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ನನ್ನದು ಬೀದಿಗೆ ಕೇಳುವ ಕೂಗಾಟವಲ್ಲ. ತಗ್ಗಿಸಿದ ದನಿಯಲ್ಲಿ, ತಲೆ ಬಗ್ಗಿಸಿಕೊಂಡು, ತುಟಿಯ ನಡುವೆ ಪಿನ್ನು ಕಚ್ಚಿಕೊಂಡೇ ಗೊಣಗುತ್ತಿರುತ್ತೇನೆ. ಕೇಳಬೇಕಾದವರಿಗೆ ಮಾತ್ರ ಕೇಳಿದರೆ ಸಾಕು ಅನ್ನುವ ಬೈಗುಳ ಅದು.

ಗೋಡೆಯಾಚೆಯದು ನನ್ನ ಗಂಡನ ಗ್ಯಾರೇಜು, ಈಚೆಯದು ನನ್ನ ಹೊಲಿಗೆ ಕೋಣೆ, ಹಿಂದಿನದು ನಾವಿಬ್ಬರೇ ಇರುವ ಮನೆ. ಊರಿನವರಿಗೆ ಇವರು ಕಿವಿ ಮೇಸ್ತ್ರಿ. ಗಾಡಿ ಬಂದ ತಕ್ಷಣ ಸ್ಪ್ಯಾನರ್ ಎತ್ತಿಕೊಳ್ಳುವ ಪೈಕಿಯವರಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ಯಾವುದೋ ಒಂದು ಜಾಗದ ಮೇಲೆ ಬೆರಳಿಟ್ಟು "ಇದು" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಅದೇ ಆಗಿರುತ್ತದೆ. ನಮ್ಮ ನಡುವಿನ ಗೋಡೆಯಲ್ಲಿ ಚಹಾ ಲೋಟ ದಾಟಿಸುವಷ್ಟು ಅಗಲದ ಒಂದು ಕಿಂಡಿ ಇದೆ. ಮದುವೆಯಾದ ಹೊಸದರಲ್ಲಿ ಅವರು ಹಾಗೆ ಕಣ್ಣು ಮುಚ್ಚಿ ನಿಂತಿರುವುದನ್ನು ಆ ಕಿಂಡಿಯಿಂದ ಕದ್ದು ನೋಡಿ ಮರುಳಾದವಳು ನಾನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆ ಹೊಸದರಲ್ಲೇ ನಮ್ಮಿಬ್ಬರ ನಡುವೆ ಒಂದು ಒಪ್ಪಂದವೂ ಆಗಿತ್ತು. ಯಾವುದೋ ಲಾರಿಯ ಸದ್ದು ಕೇಳಿ ನಾನು, "ಇದಕ್ಕೆ ಆಯಿಲ್ ಸಾಲದು ಅಂತ ಕಾಣುತ್ತೆ" ಎಂದೆ. ಅವರು ಮಾತಾಡದೆ ಈಚೆ ಬಂದು, ನಾನು ಹೊಲಿಯುತ್ತಿದ್ದ ಅಂಗಿ ಎತ್ತಿ ಹಿಡಿದು, "ಇದರ ಕಾಲರ್ ಸೊಟ್ಟಗಿದೆ ಅಂತ ಕಾಣುತ್ತೆ" ಎಂದರು. ಸೊಟ್ಟಗೇ ಇತ್ತು, ಅದು ಬೇರೆ ಮಾತು. ಕೆಲವು ದಿನ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದೆವು. ಕೊನೆಗೆ ಕಿಂಡಿಯ ಆಕಡೆ ಒಬ್ಬರು ಈಕಡೆ ಒಬ್ಬರು ನಿಂತು ರಾಜಿಯಾದೆವು: ಇಂಜಿನ್ನಿನ ವಿಷಯಕ್ಕೆ ನಾನು ಬಾಯಿ ಹಾಕಬಾರದು, ಬಟ್ಟೆಯ ವಿಷಯಕ್ಕೆ ಅವರು ಮೂಗು ತೂರಿಸಬಾರದು. ಅಂದಿನಿಂದ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೆವು. ಬೇರೆ ಎಲ್ಲದಕ್ಕೂ ಜಗಳವಾಡಿದ್ದೇವೆ, ಈ ಎರಡಕ್ಕೆ ಮಾತ್ರ ಇಲ್ಲ.

ಜಗಳವಾದರೂ ಇದ್ದ ಕಾಲ ಅದು. ಈಚಿನ ಒಂದೆರಡು ವರ್ಷಗಳಲ್ಲಿ ಮನೆ ಮೆಲ್ಲಗೆ ಮೌನವಾಗುತ್ತಾ ಬಂತು. ನಾನು ಏನಾದರೂ ಕೇಳಿದರೆ ಉತ್ತರವಿಲ್ಲ. ಬೈದರೆ ಎದುರು ಮಾತಿಲ್ಲ. ಮೊದಲೆಲ್ಲ ನನ್ನ ಒಂದು ಮಾತಿಗೆ ಎರಡು ತಿರುಗಿಸಿ ಕೊಡುತ್ತಿದ್ದ ಮನುಷ್ಯ ಈಗ ತಟ್ಟೆಯಲ್ಲಿದ್ದದ್ದನ್ನು ಉಂಡು, ಕೈತೊಳೆದು, ಏನೂ ಆಗಿಲ್ಲವೆನ್ನುವ ಹಾಗೆ ಎದ್ದು ಹೋಗುತ್ತಿದ್ದರು. ಗೋಡೆ ಹತ್ತಿರ ಮಾತಾಡಿದ್ದರೆ ಅದಾದರೂ ಪ್ರತಿಧ್ವನಿ ಕೊಡುತ್ತಿತ್ತು. ಗಿರಾಕಿಗಳ ಜೊತೆ ಮಾತ್ರ ಚೆನ್ನಾಗಿಯೇ ಹರಟುತ್ತಿದ್ದರು. ಅದನ್ನು ಕಿಂಡಿಯಿಂದ ಕೇಳಿ ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಹಾಗಿರುವಾಗ ಅಕ್ಕ ಫೋನು ಮಾಡಿದಳು. ಅವಳ ಊರಿನಲ್ಲಿ ಹೊಲಿಗೆ ಅಂಗಡಿ ತೆರೆಯುತ್ತಿದ್ದಳು. "ಎರಡು ಮೆಷಿನ್ ಹಾಕಿಸಿದ್ದೀನಿ ಕಣೇ. ಒಂದು ನಿಂದು. ಮೇಲ್ಗಡೆ ರೂಮಿದೆ, ಕಿಟಕಿ ತೆಗೆದ್ರೆ ಕೆರೆ ಕಾಣುತ್ತೆ. ಬಂದ್ರೆ ಬಾ, ಬಂದ್ಮೇಲೆ ವಾಪಸ್ ಹೋಗೋ ಮಾತಾಡ್ಬೇಡ" ಎಂದಳು. ಅಕ್ಕನಿಗೆ ಎಲ್ಲ ಗೊತ್ತಿತ್ತು. ಅಂದು ಸಂಜೆ ಇವರು ಹಿತ್ತಿಲ ನಲ್ಲಿಯ ಹತ್ತಿರ ನನಗೆ ಬೆನ್ನು ಮಾಡಿ, ಸೀಮೆಎಣ್ಣೆಯಲ್ಲಿ ಕೈ ಉಜ್ಜುತ್ತಾ ನಿಂತಿದ್ದರು. ನಾನು ಬಾಗಿಲ ಬಳಿ ನಿಂತು ಎದೆ ಗಟ್ಟಿ ಮಾಡಿಕೊಂಡು ಕೇಳಿದೆ. "ಅಕ್ಕ ಬಂದುಬಿಡು ಅಂತಿದ್ದಾಳೆ. ಹೋಗಿಬಿಡ್ಲಾ?" ದನಿ ನನಗೇ ಸಣ್ಣದೆನ್ನಿಸಿತು. ಅವರು ಕೈ ಉಜ್ಜಿ, ತೊಳೆದು, ಒರೆಸಿಕೊಂಡು, ನನ್ನನ್ನು ದಾಟಿಕೊಂಡು ಒಳಗೆ ಹೋದರು. ಹೂಂ ಇಲ್ಲ, ಉಹೂಂ ಇಲ್ಲ.

ಅಷ್ಟಾದ ಮೇಲೆ ಇನ್ನೇನು ಉಳಿಯಿತು? ಪೆಟ್ಟಿಗೆ ತುಂಬಿ ಮಂಚದ ಕೆಳಗಿಟ್ಟೆ. ಮರುದಿನವೇ ಹೊರಡುತ್ತಿದ್ದೆ. ಆದರೆ ಅಷ್ಟರಲ್ಲಿ ಆ ನೀಲಿ ಕಾರು ಬಂತು, ಬಂದದ್ದು ಇವರನ್ನು ಸೋಲಿಸತೊಡಗಿತು. ಸೋತು ಕೂತವರನ್ನು ಬಿಟ್ಟುಹೋಗಲು ನನಗೆ ಮನಸ್ಸು ಬರಲಿಲ್ಲ. ಕಾರು ಸರಿಯಾಗಿ ಹೊರಟುಹೋಗಲಿ, ಅದರ ಹಿಂದೆಯೇ ನಾನೂ ಹೋಗುತ್ತೇನೆ ಎಂದುಕೊಂಡೆ. ಅಕ್ಕನಿಗೂ ಹಾಗೆಯೇ ಹೇಳಿದೆ. "ಆ ಕಾರಿನ ದೆಸೆಯಿಂದ ನಿನ್ನ ಬಸ್ಸು ತಪ್ಪುತ್ತೆ" ಎಂದು ಅವಳು ಗೊಣಗಿದಳು. ಗೊಣಗುವುದು ನಮ್ಮ ಮನೆತನದಲ್ಲೇ ಇದೆ.

ಕಾರು ನರ್ಸಮ್ಮನದು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದ, ಬೆಳ್ಳಗಿನ ಗಿಡ್ಡ ಕೂದಲಿನ ಅಜ್ಜಿ. ಅವರ ಕಾರಿಗೂ ಹತ್ತಿರ ಹತ್ತಿರ ಅಷ್ಟೇ ವಯಸ್ಸು. "ಓಡುವಾಗ ಬೆಣ್ಣೆಯ ಹಾಗೆ ಓಡುತ್ತಪ್ಪಾ ಮೇಸ್ತ್ರಿ. ನಿಂತ್ರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತೆ. ಸಿಗ್ನಲ್ಲಿನಲ್ಲಿ ಪ್ರಾಣಾನೇ ಬಿಟ್ಟುಬಿಡುತ್ತೆ" ಎಂದು ಬಂದ ದಿನ ಹೇಳಿದ್ದರು. ದಿನಾ ಮಧ್ಯಾಹ್ನ ಬರುತ್ತಿದ್ದರು, ಇವರು ಬಾನೆಟ್ ಎತ್ತುತ್ತಿದ್ದ ಹಾಗೇ ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆ ಹೋಗುತ್ತಿದ್ದರು. ಇಂಜಿನ್ನು ನಡುಗಿದರೆ ಅವರ ತಲೆಯೂ ಸಣ್ಣಗೆ ನಡುಗುತ್ತಿತ್ತು. ಮುಖದ ಮೇಲೆ ಮಾತ್ರ ತೊಟ್ಟಿಲಲ್ಲಿ ಮಲಗಿಸಿದ ಮಗುವಿನ ನೆಮ್ಮದಿ.

ಇವರು ಪ್ಲಗ್ಗುಗಳನ್ನು ಬಿಚ್ಚಿ ಮಸಿ ತೆಗೆದರು, ಆಮೇಲೆ ಹೊಸವನ್ನೇ ಹಾಕಿದರು. ನಡುಕ ಹೋಗಲಿಲ್ಲ. ಕಿಡಿ ಹಂಚುವ ಮುಚ್ಚಳ ತೆಗೆದು ಒರೆಸಿದರು. ಕಾರ್ಬ್ಯುರೇಟರನ್ನೇ ಇಳಿಸಿ, ಬಿಡಿಬಿಡಿಯಾಗಿ ಹಳೇ ಪತ್ರಿಕೆಯ ಮೇಲೆ ಹರಡಿ, ಒಂದೊಂದು ಸಣ್ಣ ತೂತಿಗೂ ಗಾಳಿ ಊದಿದರು. ಸಂಜೆಯ ಬಿಸಿಲಿನಲ್ಲಿ ಆ ಹಿತ್ತಾಳೆಯ ಚೂರುಗಳು ಹೊಳೆಯುತ್ತಿದ್ದವು. ಪೆಟ್ರೋಲಿನ ವಾಸನೆ ಕಿಂಡಿಯಿಂದ ನುಸುಳಿ ನನ್ನ ಬಟ್ಟೆಗಳ ಮಡಿಕೆಯೊಳಗೆ ಕೂತುಕೊಂಡಿತು. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಮತ್ತೆ ನನ್ನ ಪಿನ್ನುಗಳು ಕುಣಿದವು. ಒಂದು ದಿನ ಐಡಲ್ ಸ್ಕ್ರೂ ತಿರುಗಿಸಿ, ಕಾರು ನಿಂತಾಗ ಇಂಜಿನ್ನು ಓಡುವ ವೇಗ ಏರಿಸಿದರು. ನಡುಕ ನಿಂತಿತು, ಆದರೆ ನಿಂತ ಕಾರು ಬೆಟ್ಟ ಹತ್ತುವ ಹಾಗೆ ಅರಚತೊಡಗಿತು. ಸ್ವಲ್ಪ ಹೊತ್ತು ನೋಡಿ, ಯಾರಿಗೋ ಮೋಸ ಮಾಡಿ ಸಿಕ್ಕಿಬಿದ್ದವರ ಮುಖ ಮಾಡಿಕೊಂಡು ಅದನ್ನು ಮೊದಲಿನ ಹಾಗೇ ಇಳಿಸಿಟ್ಟರು. ಅಂದು ಅನ್ನ ಅರ್ಧಕ್ಕೇ ಬಿಟ್ಟೆದ್ದರು.

ಆ ಕಾರಿಗೆ ಇನ್ನೊಂದು ಸದ್ದೂ ಇತ್ತು. ಗಡಗಡ ನಡುಕದ ಅಡಿಯಲ್ಲಿ ಸಣ್ಣಗೆ, ತೆಳ್ಳಗೆ, ಎಡೆಬಿಡದೆ ಸುಯ್ಯೆನ್ನುವ ಸದ್ದು. ನಿದ್ದೆಯಲ್ಲಿರುವವರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ ಹಾಗೆ. ಮೊದಲ ದಿನದಿಂದ ನನಗೆ ಅದು ಕೇಳುತ್ತಲೇ ಇತ್ತು. ನನಗೆ ಜೋಂಪು ತರಿಸುತ್ತಿದ್ದುದೂ ಅದೇ ಇರಬೇಕು. ಹಳೆಯ ಕಾರುಗಳು ಹೀಗೇ ಉಸಿರಾಡುತ್ತವೇನೋ ಎಂದುಕೊಂಡಿದ್ದೆ. ಇಂಜಿನ್ನಿನ ವಿಷಯ, ನಾನು ಬಾಯಿ ಹಾಕುವ ಹಾಗಿಲ್ಲ. ಮೇಲಾಗಿ ಗೋಡೆಯ ಈಚೆ ಕೂತ ನನಗೆ ಕೇಳಿಸುವುದು ಅದರ ಮೇಲೆ ಬಗ್ಗಿ ನಿಂತ ಕಿವಿ ಮೇಸ್ತ್ರಿಗೆ ಕೇಳದೆ ಇರುತ್ತದೆಯೆ?

ಒಂದು ಮಧ್ಯಾಹ್ನ ಎಂದಿನಂತೆ ಇಂಜಿನ್ನು ಓಡುತ್ತಿತ್ತು. ನರ್ಸಮ್ಮ ಎಚ್ಚರವಾಗಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಂಜಿನ್ನನ್ನು ಮೀರಿಸಿ, "ಎಲ್ಲಾದ್ರೂ ಗಾಳಿ ಒಳಗೆ ಎಳ್ಕೊಳ್ತಾ ಇದೆಯೇನಪ್ಪಾ? ನಮ್ಮ ಮನೆಯವರು ಇದ್ದಾಗ ಒಂದ್ಸಲ ಹಾಗಾಗಿತ್ತು" ಎಂದು ಕೇಳಿದರು.

ಇವರು ನಕ್ಕರು. "ಇಲ್ಲಮ್ಮ. ಗಾಳಿ ಎಳ್ಕೊಂಡ್ರೆ ಸುಯ್ಯಂತ ಸದ್ದು ಬರುತ್ತೆ. ಬಂದಿದ್ರೆ ನನ್ನ ಕಿವಿಗೆ ಬೀಳ್ದೆ ಇರ್ತಿತ್ತಾ? ಅದಕ್ಕೇ ಆ ಕಡೆ ಹುಡುಕಕ್ಕೇ ಹೋಗ್ಲಿಲ್ಲ."

ನನ್ನ ಕಾಲು ಪೆಡಲ್ಲಿನ ಮೇಲೇ ನಿಂತುಹೋಯಿತು. ಸುಯ್ಯೆನ್ನುವ ಸದ್ದು ಕೋಣೆ ತುಂಬಾ ಇತ್ತು. ನನ್ನ ಕೈಯ ಬಟ್ಟೆಯ ಮೇಲೆ, ಕಿಟಕಿಯ ಬಿಸಿಲಿನ ಧೂಳಿನಲ್ಲಿ, ಎಲ್ಲೆಲ್ಲೂ ಇತ್ತು. ಅದರ ಹತ್ತಿರವೇ ನಿಂತು ಅವರು ಇಲ್ಲವೆನ್ನುತ್ತಿದ್ದರು.

ಎದ್ದು ಕಿಂಡಿಯ ಬಳಿ ಹೋದೆ. ಇವರು ಇಂಜಿನ್ ಆರಿಸಿ, ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತು ಬಟ್ಟೆಚೂರಿನಲ್ಲಿ ಏನನ್ನೋ ಒರೆಸುತ್ತಿದ್ದರು. ನರ್ಸಮ್ಮ ಮತ್ತೆ ಒರಗಿ ಕಣ್ಣು ಮುಚ್ಚಿದ್ದರು. ನಾನು ದಿನವೂ ಮಾತಾಡುವ ದನಿಯಲ್ಲೇ, "ರೀ, ಗ್ಯಾರೇಜಿಗೆ ಬೆಂಕಿ ಬಿದ್ದಿದೆ" ಎಂದೆ. ಅವರು ಒರೆಸುತ್ತಲೇ ಇದ್ದರು. "ನಾನು ಹಾಲಿನವನ ಜೊತೆ ಓಡಿಹೋಗ್ತಾ ಇದ್ದೀನಿ" ಎಂದೆ. ಅವರು ಒರೆಸಿದ್ದನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸತೊಡಗಿದರು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕಿಂಡಿಯ ಕಟ್ಟೆ ಹಿಡಿದು ನಿಂತೆ. ಒಂದೆರಡು ವರ್ಷದ ಮನೆಯೆಲ್ಲ ಕಣ್ಣ ಮುಂದೆ ತೇಲಿಹೋಯಿತು: ನಾನು ಒಲೆಯ ಕಡೆ ತಿರುಗಿ ಹೇಳಿದ್ದು, ಮೆಷಿನ್ನಿನ ಮೇಲೆ ಬಗ್ಗಿ ಹೇಳಿದ್ದು, ಕತ್ತಲಲ್ಲಿ ದಿಂಬಿಗೆ ಮುಖ ಒತ್ತಿ ಹೇಳಿದ್ದು. ಎದುರಿಗೆ ನಿಂತು ಅರಚುವ ಗಿರಾಕಿಗಳು. ಮತ್ತೆ ನಲ್ಲಿಯ ಹತ್ತಿರ ಆ ಬೆನ್ನು. ಆ ಬೆನ್ನು ನನಗೆ ಉತ್ತರ ಕೊಡಲಿಲ್ಲವೆಂದು ನಾನು ಪೆಟ್ಟಿಗೆ ತುಂಬಿದ್ದೆ.

ಈಗ ಏನು ಮಾಡುವುದು? ಸುಮ್ಮನಿದ್ದರೆ ಅವರ ಹೆಸರು ಉಳಿಯುತ್ತದೆ. ಕಿವಿ ಮೇಸ್ತ್ರಿಗೆ ಕಿವಿಯಿಲ್ಲವೆಂದು ಹೇಳುವವಳು ನಾನಾಗಬೇಕೆ? ಹೇಳಿದರೆ ಕಾರು ಸರಿಹೋಗುತ್ತದೆ, ಸರಿಹೋದರೆ ಕೊಟ್ಟ ಮಾತಿನಂತೆ ನಾನು ಹೊರಡಬೇಕು. ಹೇಳದಿದ್ದರೆ ಆ ಕಾರು ಅಲ್ಲೇ ನಡುಗುತ್ತಾ ನಿಂತಿರುತ್ತದೆ, ಇವರು ಅದರ ಮುಂದೆ ಒಂದೊಂದೇ ದಿನ ಸೊರಗುತ್ತಾರೆ, ನಾನು ಗೋಡೆಯ ಈಚೆ ಎರಡು ಬಲತೋಳಿನ ಅಂಗಿ ಹೊಲಿಯುತ್ತಿರುತ್ತೇನೆ. ಅದೂ ಒಂದು ಬಾಳೇ ಎನ್ನಿಸಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಸೆರಗು ಸಿಕ್ಕಿಸಿಕೊಂಡು ಗ್ಯಾರೇಜಿಗೆ ನಡೆದೆ.

ನನ್ನನ್ನು ಅಲ್ಲಿ ನೋಡಿ ಇವರು ಎದ್ದು ನಿಂತರು. ನಾನು ಎದುರಿಗೆ ನಿಂತು, ಬಾಯಿ ತೆರೆದು, ಸ್ಪಷ್ಟವಾಗಿ, "ಸ್ಟಾರ್ಟ್ ಮಾಡಿ" ಎಂದೆ. ಏನು ಎತ್ತ ಎಂದು ಕೇಳದೆ ಮಾಡಿದರು. ಕಾರು ನಡುಗಿತು. ನಾನು ಬಾನೆಟ್ಟಿನ ಕೆಳಗೆ ಬಗ್ಗಿದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಜನ್ಮದಲ್ಲಿ ಮೊದಲ ಸಲ ಅಷ್ಟು ಹತ್ತಿರದಿಂದ ಇಂಜಿನ್ನು ನೋಡುತ್ತಿದ್ದೆ, ಯಾವುದು ಏನೆಂದು ದೇವರಾಣೆಗೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಸದ್ದಿನ ಜಾಡು ಹಿಡಿದು ಕೈ ಸರಿಸಿದೆ. ಬ್ರೇಕಿನ ಕಡೆಗೆ ಹೋಗುವುದೆಂದು ಆಮೇಲೆ ತಿಳಿದ ಒಂದು ಕಪ್ಪು ರಬ್ಬರ್ ಕೊಳವೆ, ಅದು ಇಂಜಿನ್ನಿಗೆ ಸೇರುವ ಕಡೆ ಅಡಿಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಒಂದು ಸೀಳು. ಹರಿದ ಹೊಲಿಗೆಯನ್ನು ಬೆರಳಿನಲ್ಲೇ ಹುಡುಕುವುದು ನನಗೆ ಹೊಸದೇನಲ್ಲ. ಬೆರಳು ಇಟ್ಟ ತಕ್ಷಣ ಅದು ಚರ್ಮವನ್ನು ಮುತ್ತಿಟ್ಟ ಹಾಗೆ ಒಳಕ್ಕೆಳೆದುಕೊಂಡಿತು.

ಕಾರಿನ ನಡುಕ ನಿಂತಿತು. ಇಂಜಿನ್ನು ಒಂದು ನಿಟ್ಟುಸಿರು ಬಿಟ್ಟು ಹದಕ್ಕೆ ಬಂತು, ಅದರೊಳಗೆ ಯಾರೋ ಮಗ್ಗುಲು ಬದಲಾಯಿಸಿ ಮಲಗಿಕೊಂಡ ಹಾಗಿತ್ತು.

"ಹೇಗೆ ಗೊತ್ತಾಯ್ತು ನಿಂಗೆ?" ಎಂದರು ಇವರು.

"ಕೇಳಿಸ್ತು."

"ಏನು ಕೇಳಿಸ್ತು?"

ನಾನು ಬೆರಳು ತೆಗೆದೆ. ಸುಯ್ಯೆಂದು ಶುರುವಾಯಿತು, ಕಾರು ನಡುಗಿತು. ಅವರು ಕಿವಿಯನ್ನು ನನ್ನ ಕೈಯ ಹತ್ತಿರಕ್ಕೇ ತಂದರು. "ಮುಚ್ಚು" ಎಂದರು. ಮುಚ್ಚಿದೆ. "ಬಿಡು." ಬಿಟ್ಟೆ. "ಮುಚ್ಚು. ಬಿಡು." ಇನ್ನೊಂದು ಕಿವಿಗೆ ತಿರುಗಿಸಿಕೊಂಡರು. ನಡುಕ ಬಂದು ಹೋಗುವುದು ಅವರಿಗೆ ಗೊತ್ತಾಗುತ್ತಿತ್ತು, ಸುಯ್ಯೆನ್ನುವುದು ಮಾತ್ರ ಅವರ ಮುಖಕ್ಕೆ ತಲುಪುತ್ತಲೇ ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿಗೆ ಕೈ ಹಾಕಿದರು, ಮತ್ತೆ ಅದನ್ನು ಅಲ್ಲೇ ಬಿಟ್ಟರು. ಕೊನೆಗೆ ತಾವೇ ಕೈಚಾಚಿ ಇಂಜಿನ್ ಆರಿಸಿದರು.

ನರ್ಸಮ್ಮ ಯಾವಾಗಲೋ ಇಳಿದು ಬಂದು ನಿಂತಿದ್ದರು. "ನಂಗೂ ಕೇಳಿಸ್ಲಿಲ್ಲಪ್ಪಾ. ನಂದು ವಯಸ್ಸು, ನಿಂದು ಈ ಸುತ್ತಿಗೆ ಪೆಟ್ಟು," ಎಂದು ಇವರ ಮುಖ ನೋಡಿಕೊಂಡು ಜೋರಾಗಿ, ನಿಧಾನವಾಗಿ ಹೇಳಿದರು. "ದಪ್ಪ ಶಬ್ದ ಎಲ್ಲ ಹಾಗೇ ಇರುತ್ತೆ. ತೆಳು ಶಬ್ದ ಮೊದಲು ಹೋಗುತ್ತೆ. ಹೋಗಿದ್ದೂ ಗೊತ್ತಾಗಲ್ಲ. ಲೋಕವೇ ಮೆತ್ತಗಾಯ್ತು ಅಂದ್ಕೊಂಡುಬಿಡ್ತೀವಿ."

ಇವರು ಕೊಳವೆಯ ಸೀಳಿದ ತುದಿ ಕತ್ತರಿಸಿ, ಉಳಿದದ್ದನ್ನು ಎಳೆದು ಮತ್ತೆ ಇಂಜಿನ್ನಿನ ಬಾಯಿಗೆ ಸೇರಿಸಿ, ಹೊಸ ಪಟ್ಟಿ ಬಿಗಿದರು. ಅವರ ಕೈ ಯಾವತ್ತಿನ ಹಾಗೇ ಚುರುಕಾಗಿತ್ತು. ನರ್ಸಮ್ಮ ಕಾರು ಹೊರಗೆ ತೆಗೆದು, ಬೀದಿಗೆ ತಿರುಗುವ ಮೊದಲು ಬೇಕೆಂದೇ ಸ್ವಲ್ಪ ಹೊತ್ತು ನಿಲ್ಲಿಸಿದರು. ಮಧ್ಯಾಹ್ನದ ಬಿಳಿ ಬೆಳಕಿನಲ್ಲಿ ಕಾರು ಅಲುಗಾಡದೆ ನಿಂತಿತ್ತು. ಆಮೇಲೆ ಕೈಬೀಸಿ ಹೊರಟುಹೋದರು.

ಖಾಲಿ ಗ್ಯಾರೇಜಿನಲ್ಲಿ ನಾವಿಬ್ಬರೇ ಉಳಿದೆವು. ಕಾರು ಹೋಯಿತು, ಇನ್ನು ನಾನು ಹೋಗುವ ಸರದಿ.

ಅವರು ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಾ ಹೇಳಿದರು. "ನೀನು ಬೈಯೋದು ಬಿಟ್ಟುಬಿಟ್ಟೆ ಅಂದ್ಕೊಂಡಿದ್ದೆ ಕಣೇ. ಮೊದಮೊದಲು ಹಾಯಾಗಿತ್ತು. ಆಮೇಲೆ ಹೆದರಿಕೆ ಆಗೋಕೆ ಶುರುವಾಯ್ತು. ಬೈಯೋಷ್ಟೂ ಮನಸ್ಸಿಲ್ಲ ಇವಳಿಗೆ, ನಾನಂದ್ರೆ ಸಾಕಾಗಿಹೋಗಿದೆ ಅಂತ. ಕೇಳಕ್ಕೆ ಧೈರ್ಯ ಬರ್ಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಬಿಟ್ಟಿದ್ನಾ? ದಿನಾ ಬೈದಿದ್ದೀನಿ. ಹೊತ್ತುಹೊತ್ತಿಗೆ ಬೈದಿದ್ದೀನಿ. ಒಂದೂ ನಿಮ್ಮ ಕಿವಿಗೆ ಹೋಗಿಲ್ಲ ಅಂದ್ರೆ ನನ್ನ ಬಾಯಿ ನೋವೆಲ್ಲ ದಂಡ ಆಯ್ತಲ್ರೀ" ಎಂದೆ. ಅಳು ಬರುತ್ತಿತ್ತು, ಅಳುತ್ತಲೇ ಹೇಳಿದೆ.

ಅವರು ಇನ್ನೊಂದು ಸ್ಟೂಲನ್ನು ಕಾಲಿನಿಂದಲೇ ಎಳೆದು ತಮ್ಮ ಎದುರಿಗೆ ಹಾಕಿದರು. ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಅದನ್ನು ಸ್ವಲ್ಪ ತಿರುಗಿಸಿದರು. "ಕೂತ್ಕೋ. ಮತ್ತೆ ಹೇಳು. ಎಲ್ಲಾನೂ."

ಕೂತೆ. ನೆನಪಿದ್ದುದನ್ನೆಲ್ಲ ಒಂದೊಂದಾಗಿ ಹೇಳತೊಡಗಿದೆ, ಗಟ್ಟಿಯಾಗಿ, ಅವರ ಕಣ್ಣು ನನ್ನ ತುಟಿಯ ಮೇಲಿರುವಾಗ. ಕಪಾಟಿನ ಬಾಗಿಲು ಯಾವಾಗ ಸರಿಮಾಡುತ್ತೀರಿ ಎಂದಿದ್ದೆ. "ನಾಳೆ" ಎಂದರು. ಕೂದಲು ಕತ್ತರಿಸಿಕೊಂಡು ಬಂದ ದಿನ ಹೇಗಿದೆ ಎಂದಿದ್ದೆ. "ಚೆನ್ನಾಗಿತ್ತು. ಕಿಂಡಿಯಿಂದ ನೋಡ್ತಾನೇ ಇದ್ದೆ. ನೀನೇ ಮುಖ ತಿರುಗಿಸ್ಕೊಂಡೆ." ಜ್ವರ ಬಂದು ಮಲಗಿದ್ದಾಗ ನೀರು ಕೇಳಿದ್ದೆ, ಯಾಕೆ ಬರಲಿಲ್ಲ? "ಕೇಳಿಸಿದ್ರೆ ಬಾವೀನೇ ಹೊತ್ಕೊಂಡು ಬರ್ತಿದ್ದೆ" ಎಂದರು. ನಾನು ಅವರ ಮೊಣಕಾಲು ಹಿಡಿದುಕೊಂಡೆ.

ಕೊನೆಗೆ ಒಂದೇ ಉಳಿಯಿತು. ಅದನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಮತ್ತೆ ಎಲ್ಲೋ ಒಂದು ಕಡೆ ಸುಯ್ಯೆನ್ನುತ್ತಲೇ ಇರುತ್ತದೆ ಎಂದು ಹೇಳಿಯೇಬಿಟ್ಟೆ.

"ಅಕ್ಕ ಬಂದುಬಿಡು ಅಂತಿದ್ದಾಳೆ. ಅಲ್ಲೇ ಇದ್ದುಬಿಡು ಅಂತಿದ್ದಾಳೆ. ಹೋಗಿಬಿಡ್ಲಾ ಅಂತ ಕೇಳಿದ್ದೆ. ನೀವು ನಲ್ಲಿ ಹತ್ತಿರ ಇದ್ರಿ."

ಅವರ ಮುಖ ಬಿಳುಚಿಕೊಂಡಿತು. ನನ್ನ ತುಟಿಯಿಂದ ಕಣ್ಣಿಗೆ, ಕಣ್ಣಿನಿಂದ ತುಟಿಗೆ ನೋಡಿದರು. ಕೇಳಿಸಿದೆ ಎನ್ನುವುದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

"ಏನಂದೆ?" ಎಂದರು.

"ಹೋಗಿಬಿಡ್ಲಾ ಅಂದೆ" ಎಂದು ಇನ್ನೂ ಜೋರಾಗಿ ಹೇಳಿದೆ.

"ಕೇಳಿಸ್ಲಿಲ್ಲ."

ಎದ್ದು ನಿಂತೆ. ಹುಟ್ಟಿದಾರಭ್ಯ ಎತ್ತದ ದನಿ ಎತ್ತಿ ಕೂಗಿದೆ. ಎದುರಿನ ಕ್ಷೌರದಂಗಡಿಯಲ್ಲಿ ಕತ್ತರಿ ನಿಂತಿತು. ಮುಖದ ತುಂಬಾ ನೊರೆ ಹಚ್ಚಿಸಿಕೊಂಡಿದ್ದವನೊಬ್ಬ ಬಾಗಿಲಿಗೆ ಬಂದು ಇಣುಕಿ ನೋಡಿದ. ಇವರು ನನ್ನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಕಣ್ಣಿನಲ್ಲಿ ನೀರು ತುಂಬಿತ್ತು, ತಲೆ ಅಲ್ಲಾಡಿಸುತ್ತಿದ್ದರು.

"ಕೇಳಿಸ್ಲಿಲ್ಲ" ಎಂದರು.